ಕಡಲಾಮೆಯ ಮೊಟ್ಟೆ ಎಣಿಸುತ್ತೇವೆ, ಮರಳಿನ ಬಿಸಿಯನ್ನೂ ಅಳೆಯೋಣ: ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ವನ್ಯಜೀವಿ ಪರಿಪಾಲಕರು,
ಕರ್ನಾಟಕ ಸರ್ಕಾರ,
ಬೆಂಗಳೂರು.

ಪ್ರತಿ: ಕರಾವಳಿಯ ಮೂರೂ ಜಿಲ್ಲೆಗಳ ಗ್ರಾಮ ಪಂಚಾಯಿತಿಗಳು, ಮೀನುಗಾರರ ಸಂಘಗಳು ಹಾಗೂ ಕಡಲಾಮೆ ಗೂಡುಗಳ ಕಾವಲಿಗೆ ನಿಂತ ಎಲ್ಲರಿಗೆ.

ವಿಷಯ: ಕಡಲಾಮೆ ಗೂಡುಗಳಲ್ಲಿ ಮರಳಿನ ತಾಪಮಾನ ಅಳೆಯುವುದು, ನೆರಳು ಒದಗಿಸುವುದು ಮತ್ತು ಮರಿಗಳನ್ನು ಹಗಲಿನಲ್ಲಿ ಬಿಡುವುದನ್ನು ನಿಲ್ಲಿಸುವುದರ ಕುರಿತು.

ಮಾನ್ಯರೇ,

ನಾನು ಉತ್ತರ ಕನ್ನಡ ಜಿಲ್ಲೆಯ ಕಡಲಂಚಿನ ಒಂದು ಊರಿನಲ್ಲಿ, ಮೀನುಗಾರರ ಮನೆಯಲ್ಲಿ ಹುಟ್ಟಿದವನು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ಈಗ ನಿವೃತ್ತನಾಗಿದ್ದೇನೆ. ಚಳಿಗಾಲ ಶುರುವಾದ ಮೇಲೆ ಬೆಳಕು ಹರಿಯುವ ಮುನ್ನ ಕಿನಾರೆಯುದ್ದಕ್ಕೂ ನಡೆದು ಬರುವುದು ನನ್ನ ಬಹುಕಾಲದ ರೂಢಿ. ಆ ನಡಿಗೆಯಲ್ಲಿ ಕಂಡದ್ದನ್ನು ಇಷ್ಟು ವರ್ಷ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡು ಸುಮ್ಮನಿದ್ದವನು ಈಗ ತಮಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ನಾನು ಹೇಳಬೇಕಾಗಿರುವ ಸಂಗತಿ ಒಂದು ಇಲಾಖೆಯ ಕಡತದೊಳಗೆ ಮಾತ್ರ ಉಳಿದರೆ ಸಾಲದು. ಗೂಡಿನ ಪಕ್ಕ ರಾತ್ರಿ ಟಾರ್ಚ್ ಹಿಡಿದು ಕೂರುವ ಹುಡುಗನಿಗೂ ಅದು ತಲುಪಬೇಕು.

ದೂರಿಗೆ ಮೊದಲು ಕೃತಜ್ಞತೆ ಹೇಳಬೇಕು. ನಾನು ಚಿಕ್ಕವನಾಗಿದ್ದಾಗ ನಮ್ಮ ಕಿನಾರೆಯಲ್ಲಿ ಆಮೆಯ ಹೆಜ್ಜೆಜಾಡು ಕಂಡರೆ ಜನ ಕೋಲಿನಿಂದ ಮರಳು ಚುಚ್ಚಿ ನೋಡಿ ಮೊಟ್ಟೆಗಳನ್ನು ತೆಗೆದುಕೊಂಡು ಹೋಗುತ್ತಿದ್ದರು. ಬಲೆಗೆ ಬಿದ್ದ ಆಮೆಗೆ ಕೈಮುಗಿದು ಕಡಲಿಗೆ ಬಿಡುತ್ತಿದ್ದ ಮನೆಯವರೇ ಅದರ ಮೊಟ್ಟೆಯನ್ನು ತಿನ್ನುವುದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಇಂದು ಹಾಗಿಲ್ಲ. ಜಾಡು ಕಂಡ ಹುಡುಗರು ಮೊದಲು ಅರಣ್ಯ ಸಿಬ್ಬಂದಿಗೆ ಫೋನ್ ಮಾಡುತ್ತಾರೆ. ಸಿಬ್ಬಂದಿ ಬಂದು ಗೂಡಿಗೆ ಬಲೆಯ ಬೇಲಿ ಕಟ್ಟುತ್ತಾರೆ. ನಾಯಿ, ನರಿಗಳಿಂದ ಕಾಯಲು ರಾತ್ರಿಯ ಪಾಳಿ ಹಾಕಿಕೊಳ್ಳುತ್ತಾರೆ. ಕಾರವಾರದ ದೇವಬಾಗದಿಂದ ಹೊನ್ನಾವರದ ಕಾಸರಕೋಡು ಟೊಂಕದವರೆಗೆ, ಕುಂದಾಪುರದ ಕೋಡಿಯಿಂದ ಮಂಗಳೂರಿನ ಸಸಿಹಿತ್ಲುವರೆಗೆ ಆಲಿವ್ ರಿಡ್ಲೆ ಕಡಲಾಮೆ ಬಂದು ಮೊಟ್ಟೆಯಿಟ್ಟ ಸುದ್ದಿಯನ್ನು ಜನ ಸಂತೋಷದಿಂದ ಹಂಚಿಕೊಳ್ಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಈ ಪ್ರಾಣಿಯ ಹೆಸರು ಇರುವುದರಿಂದಷ್ಟೇ ಈ ಬದಲಾವಣೆ ಬಂದಿಲ್ಲ. ತಮ್ಮ ಕೈಕೆಳಗಿನ ಗಾರ್ಡುಗಳು, ಫಾರೆಸ್ಟರುಗಳು ಮನೆಮನೆಗೆ ಬಂದು ಮಾತನಾಡಿದ್ದರ ಫಲವಿದು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಷ್ಟೆಲ್ಲ ಕಾಳಜಿಯ ನಡುವೆಯೂ ಒಂದು ದೊಡ್ಡ ಲೋಪ ಉಳಿದಿದೆ. ಒಂದು ಗೂಡಿನಲ್ಲಿ ಎಷ್ಟು ಮೊಟ್ಟೆ ಇದ್ದವು, ಎಷ್ಟು ಮರಿ ಹೊರಬಂದವು, ಎಷ್ಟನ್ನು ಕಡಲಿಗೆ ಬಿಡಲಾಯಿತು ಎಂಬ ಮೂರು ಲೆಕ್ಕಗಳನ್ನು ಎಲ್ಲ ಕಡೆ ಬರೆದಿಡುತ್ತಾರೆ. ಆ ಮೊಟ್ಟೆಗಳು ಎಷ್ಟು ಬಿಸಿಯ ಮರಳಿನಲ್ಲಿ ಒಂದೂವರೆ ಎರಡು ತಿಂಗಳು ಇದ್ದವು ಎಂಬುದನ್ನು ನಾನು ಕಂಡ ಯಾವ ಗೂಡಿನಲ್ಲೂ ಯಾರೂ ಅಳೆದಿರಲಿಲ್ಲ. ಕಡಲಾಮೆಯ ಮಟ್ಟಿಗೆ ಮರಿ ಬದುಕುತ್ತದೆಯೋ ಇಲ್ಲವೋ, ಗಂಡಾಗುತ್ತದೆಯೋ ಹೆಣ್ಣಾಗುತ್ತದೆಯೋ, ಹೊರಬಂದ ಮೇಲೆ ಅಲೆಗೆ ಎದುರಾಗಿ ಈಜುವ ಕಸುವು ಅದಕ್ಕಿರುತ್ತದೆಯೋ ಎಂಬ ಮೂರನ್ನೂ ತೀರ್ಮಾನಿಸುವುದರಲ್ಲಿ ಮರಳಿನ ಬಿಸಿಯ ಪಾಲು ಬಹಳ ದೊಡ್ಡದು.

ನಾನು ನೋಡಿದ ಒಂದು ಪ್ರಸಂಗವನ್ನು ಇಲ್ಲಿ ವಿವರಿಸುತ್ತೇನೆ. ಆ ಕಿನಾರೆ ಯಾವುದು, ಅಲ್ಲಿ ಗೂಡುಗಳನ್ನು ನೋಡಿಕೊಂಡವರು ಯಾರು ಎಂಬುದನ್ನು ಬೇಕೆಂದೇ ಬರೆಯುತ್ತಿಲ್ಲ. ಅವರು ಒಳ್ಳೆಯ ಮನಸ್ಸಿನಿಂದ ದುಡಿದವರು. ಅವರಿಗೆ ಯಾರೂ ಹೇಳಿಕೊಡದ ವಿಷಯಕ್ಕೆ ಅವರನ್ನು ಬೊಟ್ಟು ಮಾಡಿ ತೋರಿಸುವುದು ನ್ಯಾಯವಲ್ಲ.

ಫೆಬ್ರವರಿಯ ಒಂದು ಬೆಳಗಿನ ಜಾವ ಉಬ್ಬರದ ಗೆರೆಗೆ ತೀರ ಹತ್ತಿರದಲ್ಲಿ ಒಂದು ಹೊಸ ಗೂಡು ಸಿಕ್ಕಿತು. ಅಲ್ಲಿಯೇ ಬಿಟ್ಟರೆ ಮುಂದಿನ ದೊಡ್ಡ ಉಬ್ಬರಕ್ಕೆ ನೀರು ನುಗ್ಗುತ್ತಿತ್ತು, ಆದ್ದರಿಂದ ಬೇರೆಡೆಗೆ ಸಾಗಿಸುವ ತೀರ್ಮಾನ ಸರಿಯಾದದ್ದೇ. ಆದರೆ ಮೊಟ್ಟೆಗಳನ್ನು ತೆಗೆಯುವ ಹೊತ್ತಿಗೆ ಬಿಸಿಲೇರಿ ಹತ್ತು ಗಂಟೆಯಾಗಿತ್ತು. ಆಮೆ ಮೊಟ್ಟೆಯಿಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಹೊರಳಿದರೆ ಭ್ರೂಣ ಸಾಯುವ ಸಂಭವ ಹೆಚ್ಚು. ಮೊಟ್ಟೆಗಳನ್ನು ಬಕೆಟ್ಟಿನಲ್ಲಿ ತುಂಬಿಕೊಂಡು, ಕಿನಾರೆಯ ಮೇಲ್ಭಾಗದಲ್ಲಿ ಒಂದು ಕಾಂಕ್ರೀಟ್ ಗೋಡೆಗೆ ತಾಗಿ ಕಟ್ಟಿದ್ದ ಆವರಣಕ್ಕೆ ತಂದರು. ಆ ಆವರಣದಲ್ಲಿ ಮರವಿರಲಿಲ್ಲ, ಚಪ್ಪರವಿರಲಿಲ್ಲ. ಕೆಳಗೆ ಹರಡಿದ್ದು ಬೇರೆ ಕಡೆಯಿಂದ ತಂದು ಸುರಿದ ಕಪ್ಪು ಬಣ್ಣದ ಒರಟು ಮರಳು. ಬಿಸಿಲಿಗೆ ಕಾದ ಗೋಡೆ ಸಂಜೆಯಾದ ಮೇಲೂ ಕೈಗೆ ಬಿಸಿ ತಾಗಿಸುತ್ತಿತ್ತು.

ಮಾರ್ಚ್ ತಿಂಗಳಲ್ಲಿ, ಕಾವಲಿನವರ ಒಪ್ಪಿಗೆ ಪಡೆದು, ಗೂಡಿನಿಂದ ಒಂದು ಮಾರು ದೂರದಲ್ಲಿ ಮೊಟ್ಟೆಗಳಿದ್ದಷ್ಟೇ ಆಳಕ್ಕೆ ಮರಳು ತೋಡಿ, ಶಾಲೆಯ ಪ್ರಯೋಗಾಲಯದಲ್ಲಿ ಬಳಸುವಂಥ ಒಂದು ಉಷ್ಣಮಾಪಕವನ್ನು ಹುಗಿದಿಟ್ಟು ಹಲವು ದಿನ ನೋಡಿದೆ. ಮಧ್ಯಾಹ್ನಕ್ಕೂ ರಾತ್ರಿಗೂ ಅಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಷ್ಟು ಆಳದ ಮರಳು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಪಾದರಸ ಹೆಚ್ಚಿನ ದಿನಗಳಲ್ಲಿ 34 ಡಿಗ್ರಿಯ ಆಚೆಈಚೆ ನಿಂತಿರುತ್ತಿತ್ತು. ಮೊಟ್ಟೆಯೊಳಗಿನ ಮರಿಗಳು ಬೆಳೆಯುತ್ತಾ ಬಂದಂತೆ ತಮ್ಮ ಮೈಬಿಸಿಯಿಂದಲೇ ಗೂಡನ್ನು ಇನ್ನೂ ಒಂದೆರಡು ಡಿಗ್ರಿ ಏರಿಸುತ್ತವೆ ಎಂಬುದನ್ನು ಇದಕ್ಕೆ ಸೇರಿಸಿಕೊಂಡರೆ, ಒಳಗಿನ ಸ್ಥಿತಿಯನ್ನು ಊಹಿಸಬಹುದು. ಅದೇ ವಾರ ನಾನು ಅದೇ ಉಷ್ಣಮಾಪಕವನ್ನು ಸ್ವಲ್ಪ ದೂರದಲ್ಲಿ, ಮುಂಡಿಗೆ ಪೊದೆಯ ಮುಂದೆ ಅಡುಂಬು ಬಳ್ಳಿ ಹಬ್ಬಿದ ಸಹಜ ಮರಳಿನಲ್ಲಿ ಹುಗಿದು ನೋಡಿದೆ. ಅಲ್ಲಿ ಅಳತೆ ಸ್ಪಷ್ಟವಾಗಿ ಕಡಿಮೆಯಿತ್ತು. ಒಂದೇ ಕಿನಾರೆ, ಒಂದೇ ಬಿಸಿಲು. ನಡುವೆ ಕೂಗಳತೆಯ ದೂರ.

ಆ ಗೂಡಿನ ಮೊಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಡೆಯಲೇ ಇಲ್ಲ. ಕೊನೆಯಲ್ಲಿ ಗೂಡು ಬಿಡಿಸಿ ನೋಡಿದಾಗ ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತ ಮರಿಗಳು ಸಿಕ್ಕವು. ಬುಟ್ಟಿ ಹಿಡಿದು ನಿಂತಿದ್ದ ಹುಡುಗ ಅದನ್ನು ನೋಡಿ ಮುಖ ತಿರುಗಿಸಿಕೊಂಡ. ಐವತ್ತು ರಾತ್ರಿ ನಿದ್ದೆಗೆಟ್ಟು ಕಾದವನು ಅವನೇ. ಇದರಲ್ಲಿ ತಡವಾಗಿ ಸಾಗಿಸಿದ್ದರ ಪಾಲೆಷ್ಟು, ಬಿಸಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ನನಗೆ ಸಾಧ್ಯವಿಲ್ಲ, ಏಕೆಂದರೆ ಗೂಡಿನೊಳಗೆ ಯಾರೂ ಏನನ್ನೂ ಅಳೆದಿರಲಿಲ್ಲ. ನನ್ನ ದೂರು ಇರುವುದು ಇದೇ ವಿಷಯದಲ್ಲಿ.

ಹೊರಬಂದ ಮರಿಗಳ ಪಾಡನ್ನೂ ಹೇಳಬೇಕು. ಅವು ರಾತ್ರಿ ಮೇಲೆ ಬಂದಿದ್ದವು. ಬೆಳಿಗ್ಗೆ ಅತಿಥಿಗಳು ಬರುವವರಿದ್ದಾರೆಂದು ಅವನ್ನು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟಿದ್ದರು. ಟಬ್ಬಿನ ಗೋಡೆಗೆ ಢಿಕ್ಕಿ ಹೊಡೆಯುತ್ತಾ ಅವು ಸುತ್ತಿದ ಸದ್ದು ನನಗಿನ್ನೂ ಮರೆತಿಲ್ಲ. ಒಂಬತ್ತು ಗಂಟೆಯ ಬಿಸಿಲಿನಲ್ಲಿ ಫೋಟೋ, ಚಪ್ಪಾಳೆಗಳ ನಡುವೆ ಅವನ್ನು ಒಣ ಮರಳಿನ ಮೇಲೆ ಬಿಟ್ಟಾಗ ಹಲವು ಮರಿಗಳು ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟವು. ಕೆಲವು ಅಂಗಾತ ಬಿದ್ದು ತಿರುಗಿಕೊಳ್ಳಲಾರದೆ ಕಾಲು ಬಡಿದವು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಗೂಡಿನಿಂದ ಹೊರಬಂದ ಮರಿಗೆ ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯಷ್ಟೇ ಬುತ್ತಿ. ಮೊದಲ ಒಂದು ದಿನ ನಿಲ್ಲದೆ ಈಜಿ, ದಡದ ಬಳಿಯ ಮೀನು ಹಕ್ಕಿಗಳ ಬಾಯಿಂದ ತಪ್ಪಿಸಿಕೊಂಡು ಆಳದ ನೀರಿಗೆ ಸೇರಿಕೊಳ್ಳುವುದಕ್ಕೆ ಕಟ್ಟಿಕೊಟ್ಟ ಬುತ್ತಿಯದು. ಅದನ್ನು ನಾವು ಟಬ್ಬಿನಲ್ಲಿ ಖರ್ಚು ಮಾಡಿಸಿದೆವು. ಆ ಗುಂಪಿನಲ್ಲಿ ನಾನೂ ನಿಂತಿದ್ದೆ, ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಆ ನೋವು ಈ ಪತ್ರದ ಹಿಂದಿದೆ.

ಮಾನ್ಯರೇ, ತಮಗೆ ತಿಳಿಯದ ವಿಜ್ಞಾನವನ್ನು ಹೇಳಿಕೊಡುವ ಉದ್ದೇಶ ನನಗಿಲ್ಲ. ಈ ಪತ್ರವನ್ನು ಕಾವಲಿನ ಹುಡುಗರೂ ಓದಲಿ ಎಂಬ ಕಾರಣಕ್ಕೆ ನಾಲ್ಕು ಮಾತು ಬರೆಯುತ್ತೇನೆ. ಮನುಷ್ಯರಲ್ಲಿ ಗಂಡು ಹೆಣ್ಣಿನ ತೀರ್ಮಾನ ಬಸಿರು ನಿಲ್ಲುವಾಗಲೇ ವರ್ಣತಂತುಗಳಿಂದ ಆಗಿಬಿಡುತ್ತದೆ. ಕಡಲಾಮೆಗಳಲ್ಲಿ ಅಂಥ ಲಿಂಗ ವರ್ಣತಂತುಗಳಿಲ್ಲ. ಮೊಟ್ಟೆ ಮರಳಿನಲ್ಲಿರುವ ಅವಧಿಯನ್ನು ಮೂರು ಪಾಲು ಮಾಡಿದರೆ, ನಡುವಿನ ಪಾಲಿನಲ್ಲಿ ಗೂಡು ಎಷ್ಟು ಬಿಸಿಯಾಗಿತ್ತು ಎಂಬುದರ ಮೇಲೆ ಮರಿ ಗಂಡೋ ಹೆಣ್ಣೋ ಎಂಬುದು ನಿಲ್ಲುತ್ತದೆ. ಬಿಸಿ ಹೆಚ್ಚಾದಾಗ ಅರೋಮಟೇಸ್ ಎಂಬ ಕಿಣ್ವ ಚುರುಕಾಗಿ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುತ್ತದೆ, ಭ್ರೂಣದಲ್ಲಿ ಅಂಡಾಶಯ ರೂಪುಗೊಳ್ಳುತ್ತದೆ. ಸುಮಾರು 29ರಿಂದ 30 ಡಿಗ್ರಿಯ ಆಸುಪಾಸಿನಲ್ಲಿ ಗಂಡು ಹೆಣ್ಣು ಮರಿಗಳು ಸರಿಸುಮಾರು ಸಮವಾಗಿ ಹುಟ್ಟುತ್ತವೆ. ಅದಕ್ಕಿಂತ ಎರಡು ಡಿಗ್ರಿ ಕೆಳಗಾದರೆ ಬಹುಪಾಲು ಗಂಡು, ಎರಡು ಡಿಗ್ರಿ ಮೇಲಾದರೆ ಬಹುಪಾಲು ಹೆಣ್ಣು. 33, 34 ಡಿಗ್ರಿಯನ್ನು ದಾಟಿ ಬಹಳ ದಿನ ಉಳಿದರೆ ಭ್ರೂಣಗಳು ಸಾಯತೊಡಗುತ್ತವೆ. ಬದುಕಿ ಬಂದವು ಮೈಯಲ್ಲಿ ಚಿಕ್ಕದಾಗಿ, ತೆವಳುವುದರಲ್ಲಿ ಈಜುವುದರಲ್ಲಿ ನಿಧಾನವಾಗಿರುತ್ತವೆ.

ಇದೇನೂ ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. ಸೆನೆಗಲ್ ದೇಶದಲ್ಲಿ ಮಾಡೆಲೀನ್ ಶಾರ್ನಿಯೆ ಎಂಬ ವಿಜ್ಞಾನಿ ಒಂದು ಬಗೆಯ ಓತಿಕ್ಯಾತದ ಮೊಟ್ಟೆಗಳಲ್ಲಿ ಬಿಸಿಗೂ ಲಿಂಗಕ್ಕೂ ಇರುವ ಈ ನಂಟನ್ನು 1966ರಲ್ಲೇ ತೋರಿಸಿದ್ದರು. ನಮ್ಮ ದೇಶದಲ್ಲೇ, 1980ರ ದಶಕದಲ್ಲಿ, ಜೀವವಿಜ್ಞಾನಿ ಪ್ರಿಯಂಬದಾ ಮೊಹಂತಿ ಹೆಜ್ಮಾಡಿ ಮತ್ತು ಅವರ ಸಹೋದ್ಯೋಗಿಗಳು ಒಡಿಶಾ ಕರಾವಳಿಯ ಆಲಿವ್ ರಿಡ್ಲೆ ಮೊಟ್ಟೆಗಳ ಮೇಲೆ ಇದನ್ನು ಅಧ್ಯಯನ ಮಾಡಿದ್ದರು. ನಲವತ್ತು ವರ್ಷಗಳ ಹಿಂದೆ ನಮ್ಮವರೇ ಕಂಡುಕೊಂಡ ಸಂಗತಿ ನಮ್ಮ ಗೂಡಿನ ಬೇಲಿಯವರೆಗೆ ಇನ್ನೂ ಬಂದಿಲ್ಲವೆಂದರೆ ಶಿಕ್ಷಕನಾದ ನನಗೂ ಅದರಲ್ಲಿ ಪಾಲಿದೆ.

ಬಿಸಿ ಮಿತಿಮೀರಿದರೆ ಏನಾಗಬಹುದು ಎಂಬುದಕ್ಕೆ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಸಾಕ್ಷಿಯಾಗಿದೆ. ಅಲ್ಲಿಯ ಹಸಿರು ಕಡಲಾಮೆಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಉತ್ತರದ ಬೆಚ್ಚಗಿನ ದ್ವೀಪಗಳಲ್ಲಿ ಹುಟ್ಟಿದ ಎಳೆಯ ಆಮೆಗಳಲ್ಲಿ ಶೇಕಡ 99ಕ್ಕೂ ಹೆಚ್ಚು ಹೆಣ್ಣು. ದಕ್ಷಿಣದ ತಂಪು ಕಿನಾರೆಗಳಿಂದ ಬಂದವುಗಳಲ್ಲಿ ಹೆಣ್ಣುಗಳ ಪ್ರಮಾಣ ಶೇಕಡ 65ರಿಂದ 69. ಉತ್ತರದ ವಯಸ್ಕ ಆಮೆಗಳಲ್ಲಿ ಅದು ಶೇಕಡ 87ರ ಹತ್ತಿರವಿತ್ತು. ಹಿರಿಯ ತಲೆಮಾರಿನಲ್ಲಿ ಉಳಿದಿದ್ದಷ್ಟು ಗಂಡುಗಳೂ ಕಿರಿಯ ತಲೆಮಾರಿನಲ್ಲಿ ಇಲ್ಲವೆಂದಾಯಿತು. ಅಷ್ಟು ವರ್ಷ ಕಿನಾರೆಯ ಮೇಲೆ ನಿಂತು ನೋಡಿದವರಿಗೆ ಇದು ಗೊತ್ತಾಗುವಂತಿರಲಿಲ್ಲ. ಮೊಟ್ಟೆಗಳು ಒಡೆಯುತ್ತಿದ್ದವು, ಮರಿಗಳು ನೀರಿಗಿಳಿಯುತ್ತಿದ್ದವು, ಲೆಕ್ಕದ ಪುಸ್ತಕ ತುಂಬುತ್ತಿತ್ತು. ಮರಿಯನ್ನು ಹೊರಗಿನಿಂದ ನೋಡಿ ಗಂಡೋ ಹೆಣ್ಣೋ ಹೇಳಲು ಬರುವುದಿಲ್ಲ. ನಮ್ಮ ಆಲಿವ್ ರಿಡ್ಲೆ ಆಮೆ ಪ್ರಾಯಕ್ಕೆ ಬರಲು ಹತ್ತು ಹದಿನೈದು ವರ್ಷಗಳೇ ಬೇಕು. ಇಂದಿನ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ತಾವು, ನಾನು ಇಬ್ಬರೂ ಈ ಕೆಲಸದಲ್ಲಿ ಇರುವುದಿಲ್ಲ.

ನಮ್ಮ ಕರಾವಳಿಯ ಬಿಸಿಯೂ ಮೊದಲಿನಂತಿಲ್ಲ. 2025ರ ಫೆಬ್ರವರಿಯನ್ನು ಹವಾಮಾನ ಇಲಾಖೆ 1901ರಿಂದೀಚೆಗೆ ದೇಶದ ಅತ್ಯಂತ ಬೆಚ್ಚಗಿನ ಫೆಬ್ರವರಿ ಎಂದು ಗುರುತಿಸಿತು. ಅದೇ ತಿಂಗಳ ಕೊನೆಯಲ್ಲಿ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಬಂತು. ಮಾವಿನ ಮಿಡಿ ಕಟ್ಟುವ ಕಾಲದಲ್ಲಿ ಇಂಥ ಸೆಕೆಯನ್ನು ನಮ್ಮ ಮನೆಯ ಹಿರಿಯರು ಕಂಡಿರಲಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಇಟ್ಟ ಮೊಟ್ಟೆಗಳಿಗೆ ಚಳಿಗಾಲದ ತಂಪು ಸಿಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಇಟ್ಟವು ಮಾರ್ಚ್, ಏಪ್ರಿಲಿನ ಉರಿಯಲ್ಲಿ ಬೆಳೆಯಬೇಕು, ಹೆಚ್ಚಾಗಿ ಮಳೆಯಿಲ್ಲದೆ. ಒಡಿಶಾದ ರುಷಿಕುಲ್ಯ, ಗಹಿರ್ಮಾಥಾಗಳಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಿಗೆ ಬರುತ್ತವೆ. ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ಬರುವುದರಿಂದ ಕೆಟ್ಟುಹೋದ ಒಂದೊಂದು ಗೂಡಿನ ನಷ್ಟವೂ ದೊಡ್ಡದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ನಾನೇ ಹೇಳಬೇಕು. ಹೆಣ್ಣು ಮರಿಗಳು ಹೆಚ್ಚಾದ ಮಾತ್ರಕ್ಕೆ ಅನಾಹುತವಾಯಿತು ಎಂದು ತೀರ್ಮಾನಿಸುವಂತಿಲ್ಲ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು, ಆದ್ದರಿಂದ ಗಂಡುಗಳು ಸ್ವಲ್ಪ ಕಡಿಮೆ ಇದ್ದರೂ ಸಂತತಿ ನಡೆಯುತ್ತದೆ. ಗಾಬರಿಗೊಂಡು ಎಲ್ಲ ಗೂಡುಗಳ ಮೇಲೂ ದಟ್ಟ ನೆರಳು ಹಾಕಿ, ದಿನವೂ ನೀರು ಸುರಿದು ತಂಪು ಮಾಡಿದರೆ ಎಲ್ಲವೂ ಗಂಡಾಗಬಹುದು, ನೀರು ಹೆಚ್ಚಾಗಿ ಮೊಟ್ಟೆಗಳು ಕೊಳೆಯಲೂಬಹುದು. ಅಳೆಯದೆ ಮಾಡಿದ ಉಪಕಾರ ಅಳೆಯದೆ ಮಾಡಿದ ಅಪಕಾರದಷ್ಟೇ ಅಪಾಯಕಾರಿ. ಆದ್ದರಿಂದಲೇ ನನ್ನ ಕೋರಿಕೆಗಳಲ್ಲಿ ಮೊದಲನೆಯದು ಅಳತೆಗೆ ಸಂಬಂಧಿಸಿದ್ದು.

ಗೂಡುಗಳನ್ನು ಸಾಗಿಸಿ ತರುವ ಪ್ರತಿಯೊಂದು ಆವರಣದಲ್ಲೂ, ಸ್ವಸ್ಥಳದಲ್ಲೇ ಕಾಯುವ ಕೆಲವು ಗೂಡುಗಳಲ್ಲೂ, ತಾಪಮಾನವನ್ನು ತಾನೇ ದಾಖಲಿಸಿಕೊಳ್ಳುವ ಪುಟ್ಟ ಉಪಕರಣಗಳನ್ನು ಇಡಿಸಬೇಕು. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾಗಿರುವ, ಗಂಟೆಗೊಮ್ಮೆ ಬಿಸಿ ಬರೆದುಕೊಳ್ಳುವ ಇಂಥ ಉಪಕರಣಗಳು ಬಹಳ ವರ್ಷಗಳಿಂದ ಬಳಕೆಯಲ್ಲಿವೆ. ಮೊಟ್ಟೆಗಳನ್ನು ಹೊಸ ಗುಳಿಯಲ್ಲಿ ಇಡುವಾಗಲೇ ನಡುವೆ ಒಂದನ್ನು ಇಟ್ಟುಬಿಟ್ಟರೆ ಆಮೇಲೆ ಗೂಡನ್ನು ಮುಟ್ಟಬೇಕಾಗಿಲ್ಲ. ಮರಿ ಬಿಡುವ ಒಂದು ಸಮಾರಂಭದ ಶಾಮಿಯಾನ, ಕುರ್ಚಿ, ಬ್ಯಾನರಿಗೆ ತಗಲುವ ಹಣವನ್ನು ಉಳಿಸಿದರೆ ಹಲವು ಗೂಡುಗಳಿಗೆ ಇದು ಸಾಕಾಗುತ್ತದೆ ಎಂಬುದು ನನ್ನ ಅಂದಾಜು.

ಉಪಕರಣ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಪ್ರತಿ ಗೂಡಿಗೂ ಮೊಟ್ಟೆ ಇಟ್ಟ ದಿನ ಮತ್ತು ಮರಿ ಹೊರಬಂದ ದಿನ ಎಂಬ ಎರಡು ತಾರೀಖುಗಳನ್ನು ಬರೆದಿಡುವುದು ರೂಢಿ. ಈ ಎರಡು ತಾರೀಖುಗಳ ನಡುವಿನ ದಿನಗಳ ಎಣಿಕೆಯೇ ಒಂದು ಉಷ್ಣಮಾಪಕ. ಬಿಸಿ ಮರಳಿನಲ್ಲಿ ಮರಿಗಳು 45 ದಿನಗಳಿಗೇ ಹೊರಬಂದರೆ ತಂಪು ಮರಳಿನಲ್ಲಿ 60 ದಿನಗಳವರೆಗೂ ತೆಗೆದುಕೊಳ್ಳುತ್ತವೆ. ಬೇಗ ಬಂದ ಗೂಡುಗಳಲ್ಲಿ ಹೆಣ್ಣು ಹೆಚ್ಚು, ತಡವಾಗಿ ಬಂದವುಗಳಲ್ಲಿ ಗಂಡು ಹೆಚ್ಚು ಎಂದು ಒರಟಾಗಿಯಾದರೂ ಅಂದಾಜಿಸಬಹುದು. ಮೂರೂ ಜಿಲ್ಲೆಗಳ ಹಳೆಯ ದಾಖಲೆಗಳನ್ನು ಒಟ್ಟು ಮಾಡಿ, ಗೂಡಿನ ಸ್ಥಳ, ಸಾಗಿಸಿದ್ದೋ ಅಲ್ಲೇ ಬಿಟ್ಟದ್ದೋ, ಎಷ್ಟು ದಿನಕ್ಕೆ ಮರಿ ಬಂತು, ಎಷ್ಟು ಮೊಟ್ಟೆ ಒಡೆಯಲಿಲ್ಲ ಎಂಬಷ್ಟನ್ನೇ ಒಂದು ಪಟ್ಟಿಯಾಗಿ ಸಾರ್ವಜನಿಕರಿಗೆ ಸಿಗುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ. ಇದಕ್ಕೆ ಹಣ ಬೇಡ. ಒಂದು ಆದೇಶ ಸಾಕು. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು, ಕಾರವಾರದ ಕಡಲ ಜೀವವಿಜ್ಞಾನ ಕೇಂದ್ರದ ವಿದ್ಯಾರ್ಥಿಗಳು ಆ ಪಟ್ಟಿಯಿಂದ ಎಷ್ಟೋ ಸಂಗತಿಗಳನ್ನು ಹೊರತೆಗೆಯಬಲ್ಲರು.

ಗೂಡನ್ನು ಸಾಗಿಸುವುದು ಕೊನೆಯ ಉಪಾಯವಾಗಬೇಕು. ಉಬ್ಬರದ ಗೆರೆಗಿಂತ ಮೇಲಿದ್ದು, ಬೇಲಿ ಮತ್ತು ಕಾವಲಿನಿಂದ ಉಳಿಸಬಹುದಾದ ಗೂಡನ್ನು ತಾಯಿ ಆರಿಸಿದ ಜಾಗದಲ್ಲೇ ಬಿಡಬೇಕು. ಕಿನಾರೆಯಲ್ಲಿ ಬಿಡಿಬಿಡಿಯಾಗಿರುವ ಗೂಡುಗಳಲ್ಲಿ ಒಂದು ಬಿಸಿ, ಒಂದು ತಂಪು, ಒಂದು ನೆರಳಿನಲ್ಲಿ, ಒಂದು ಬಯಲಿನಲ್ಲಿ ಇರುತ್ತವೆ. ಆ ಬೆರಕೆಯಿಂದಲೇ ಗಂಡು ಹೆಣ್ಣು ಎರಡೂ ಹುಟ್ಟುತ್ತವೆ. ಎಲ್ಲವನ್ನೂ ತಂದು ಒಂದೇ ಆವರಣದಲ್ಲಿ ಹೂಳಿದರೆ ಆ ಜಾಗದ ಒಂದು ದೋಷ ಅಷ್ಟೂ ಗೂಡುಗಳಿಗೆ ತಗಲುತ್ತದೆ. ಸಾಗಿಸಲೇಬೇಕಾದಾಗ ಬೆಳಕು ಹರಿಯುವ ಮುನ್ನವೇ, ಮೊಟ್ಟೆ ಹೊರಳದಂತೆ, ಅದೇ ಕಿನಾರೆಯ ಮರಳಿನಲ್ಲಿ, ತಾಯಿ ತೋಡಿದಷ್ಟೇ ಆಳಕ್ಕೆ, ಗೂಡಿನಿಂದ ಗೂಡಿಗೆ ಸಾಕಷ್ಟು ಅಂತರವಿಟ್ಟು ಹೂಳಬೇಕು. ಬೇರೆಡೆಯ ಮರಳನ್ನು ತಂದು ಸುರಿಯುವುದನ್ನು ನಿಷೇಧಿಸಬೇಕು. ಕಪ್ಪು ಮರಳು ಬಿಳಿ ಮರಳಿಗಿಂತ ಹೆಚ್ಚು ಕಾಯುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಾಜಾಳಿಯ ಆಚೆ ತಿಳಮಾತಿಯ ಎಳ್ಳಿನಂಥ ಕರಿ ಮರಳಿನ ಮೇಲೆ ಮಧ್ಯಾಹ್ನ ಬರಿಗಾಲಿನಲ್ಲಿ ನಡೆದವರನ್ನು ಕೇಳಿದರೆ ಸಾಕು.

ನೆರಳಿನ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೆಣೆದ ತೆಂಗಿನ ಮಡಲು ಪ್ರತಿ ಮನೆಯಲ್ಲೂ ಸಿಗುತ್ತದೆ. ನಾಲ್ಕು ಗೂಟ ನೆಟ್ಟು, ಗಾಳಿಯಾಡುವಂತೆ ಎತ್ತರದಲ್ಲಿ ಮಡಲಿನ ಚಪ್ಪರ ಹಾಕಿದರೆ ಒಳಗಿನ ಮರಳು ಒಂದೆರಡು ಡಿಗ್ರಿ ತಂಪಾಗುತ್ತದೆ. ಇಂಥ ಗೂಡುಗಳಿಗೆ ಎಷ್ಟೋ ಸಲ ಬದುಕು ಸಾವಿನ ನಡುವಿನ ಅಂತರ ಆ ಒಂದೆರಡು ಡಿಗ್ರಿಯೇ. ಆದರೆ ನೆರಳು ಯಾವ ತಿಂಗಳಿಂದ, ಎಷ್ಟು ದಟ್ಟವಾಗಿ, ಎಷ್ಟು ಗೂಡುಗಳಿಗೆ ಎಂಬುದನ್ನು ಅಳತೆಯೇ ಹೇಳಬೇಕು. ಡಿಸೆಂಬರಿನ ಗೂಡಿಗೆ ಚಪ್ಪರ ಬೇಡ. ಮಾರ್ಚಿನ ಗೂಡಿಗೆ ಬೇಕಾಗಬಹುದು. ಅಳತೆ 33 ಡಿಗ್ರಿಯ ಹತ್ತಿರ ಬಂದಾಗ ಚಪ್ಪರ ಹಾಕಬೇಕೆಂಬ ಒಂದು ಸರಳ ಸೂಚನೆಯನ್ನು, ವಿಜ್ಞಾನಿಗಳೊಂದಿಗೆ ಚರ್ಚಿಸಿ, ಕನ್ನಡದಲ್ಲಿ ಬರೆಸಿ ಪ್ರತಿ ಆವರಣದ ಬೇಲಿಗೆ ತೂಗುಹಾಕಬೇಕು.

ಮರಿಗಳನ್ನು ಹಗಲಿನಲ್ಲಿ, ಅತಿಥಿಗಳ ಸಮಯ ನೋಡಿಕೊಂಡು ಬಿಡುವುದನ್ನು ಪೂರ್ತಿ ನಿಲ್ಲಿಸಬೇಕು. ಮರಳಿನ ಮೇಲ್ಪದರ ಬಿಸಿಯಾಗಿರುವಾಗ ಮರಿಗಳು ಅದರ ಕೆಳಗೇ ಸುಮ್ಮನೆ ಕಾದಿದ್ದು, ಸೂರ್ಯ ಮುಳುಗಿ ಮೇಲಿನ ಮರಳು ಆರಿದ ಮೇಲೆ ಹೊರಬರುತ್ತವೆ. ಯಾವಾಗ ಹೊರಡಬೇಕೆಂಬುದು ಅವಕ್ಕೆ ಗೊತ್ತಿದೆ. ಹೊರಬಂದ ತಕ್ಷಣ, ಆ ರಾತ್ರಿಯೇ, ದೀಪಗಳನ್ನು ಆರಿಸಿ, ಮರಳಿನ ಮೇಲೆ ತಾವೇ ತೆವಳಿ ಹೋಗಲು ಬಿಡಬೇಕು. ಶಾಲೆಯ ಮಕ್ಕಳು ನೋಡಬೇಕೆಂದರೆ ನಸುಕಿನಲ್ಲಿ, ದೂರದಲ್ಲಿ ಸಾಲಾಗಿ ಕೂತು ನೋಡಲಿ. ನನ್ನ ವಿದ್ಯಾರ್ಥಿಗಳನ್ನು ಹಾಗೆ ಕೂರಿಸಿದ್ದೇನೆ. ಒಂದು ಮಗುವೂ ಸದ್ದು ಮಾಡಿರಲಿಲ್ಲ. ದೊಡ್ಡವರಿಗೂ ಅಷ್ಟು ತಾಳ್ಮೆ ಸಾಧ್ಯವಿದೆ.

ಇನ್ನು ಕಿನಾರೆಯ ಸಸ್ಯಗಳ ಮಾತು. ಮುಂಡಿಗೆ, ಸುರಹೊನ್ನೆ, ಅಡುಂಬು ಬಳ್ಳಿಗಳು ಮರಳು ದಿಬ್ಬವನ್ನು ಹಿಡಿದಿಡುವುದಲ್ಲದೆ ಗೂಡಿಗೆ ನೆರಳನ್ನೂ ಕೊಡುತ್ತವೆ. ಅವನ್ನು ಕಡಿದು ಕಲ್ಲಿನ ತಡೆಗೋಡೆ ಕಟ್ಟಿದ ಕಡೆಗಳಲ್ಲಿ ಆಮೆಗೆ ಏರಿ ಬರಲು ಒಣ ಮರಳೇ ಉಳಿದಿಲ್ಲ. ಅಂಥ ಕಡೆಗಳಲ್ಲಿ ಪ್ರತಿ ಗೂಡನ್ನೂ ಸಾಗಿಸಬೇಕಾಗುತ್ತದೆ, ಮತ್ತೆ ಅದೇ ಆವರಣ, ಅದೇ ಬಿಸಿ. ಕಡಲಾಮೆಗಳು ಮೊಟ್ಟೆಯಿಡುವ ಜಾಗಗಳನ್ನು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಅತ್ಯಂತ ಸೂಕ್ಷ್ಮವಾದ ಮೊದಲನೆಯ ವರ್ಗದಲ್ಲಿ ಸೇರಿಸಿದೆ. ಗೂಡು ಕಂಡ ಪ್ರತಿಯೊಂದು ಕಿನಾರೆಯೂ ಆ ನಕ್ಷೆಯಲ್ಲಿ ಗುರುತಾಗುವಂತೆ ನೋಡಿಕೊಳ್ಳಬೇಕೆಂದು, ಇದು ಬೇರೆ ಇಲಾಖೆಗೆ ಸೇರಿದ್ದಾದರೂ, ತಮ್ಮ ಮೂಲಕ ಕೋರುತ್ತೇನೆ.

ಕೇಂದ್ರ ಪರಿಸರ ಸಚಿವಾಲಯವು 2021ರಲ್ಲಿ ಹೊರತಂದ ರಾಷ್ಟ್ರೀಯ ಕಡಲಾಮೆ ಕ್ರಿಯಾ ಯೋಜನೆಯ ಅವಧಿ 2026ರವರೆಗೆ. ಮುಂದಿನ ಯೋಜನೆ ರೂಪುಗೊಳ್ಳುವಾಗ ಕರ್ನಾಟಕದ ಪರವಾಗಿ ಮರಳಿನ ತಾಪಮಾನದ ಅಂಕಿಅಂಶಗಳನ್ನು ಮುಂದಿಡಲು ನಮ್ಮ ಬಳಿ ಒಂದು ಹಂಗಾಮಿನ ಅಳತೆಯಾದರೂ ಇರಬೇಕು. ಅದಕ್ಕಾಗಿ ಸಿಬ್ಬಂದಿಗೆ ಒಂದು ದಿನದ ತರಬೇತಿ ಕೊಡಿಸುವಿರಾದರೆ, ಮೀನುಗಾರರ ಮನೆಗಳ ಯುವಕ ಯುವತಿಯರನ್ನೂ ಅದರಲ್ಲಿ ಕೂರಿಸಬೇಕು. ಗೂಡನ್ನು ಮೊದಲು ಕಾಣುವವರು ಅವರೇ. ಐವತ್ತು ರಾತ್ರಿ ಅದರ ಪಕ್ಕ ಕೂರುವವರೂ ಅವರೇ.

ನನ್ನ ನೋಟ್‌ಪುಸ್ತಕದಲ್ಲಿರುವ ಅಳತೆಗಳು ಒಬ್ಬ ವ್ಯಕ್ತಿ ಒಂದು ಉಷ್ಣಮಾಪಕದಿಂದ ಮಾಡಿಕೊಂಡವು. ಅವುಗಳಿಂದ ಏನನ್ನೂ ಸಾಧಿಸಿ ತೋರಿಸಲು ಆಗುವುದಿಲ್ಲ, ಆದರೆ ಎಲ್ಲಿ ನೋಡಬೇಕು ಎಂಬುದನ್ನು ಅವು ಹೇಳಬಲ್ಲವು. ತಾವು ಯಾರನ್ನು ಕಳುಹಿಸಿದರೂ ಆ ಪುಸ್ತಕವನ್ನು ಕೊಡಲು, ಗೋಡೆಯ ಪಕ್ಕದ ಆ ಆವರಣವನ್ನೂ ಮುಂಡಿಗೆಯ ನೆರಳಿನ ಆ ಮರಳನ್ನೂ ತೋರಿಸಲು ಸಿದ್ಧನಿದ್ದೇನೆ. ಬರುವ ನವೆಂಬರಿನಲ್ಲಿ ಮೊದಲ ಆಮೆ ಮೇಲೆ ಬರುವುದರೊಳಗೆ ಉಪಕರಣಗಳ ಬಗ್ಗೆ ಮತ್ತು ಹಗಲಿನಲ್ಲಿ ಮರಿ ಬಿಡುವುದನ್ನು ನಿಲ್ಲಿಸುವ ಬಗ್ಗೆ ತಾವು ಆದೇಶ ಹೊರಡಿಸುತ್ತೀರೆಂದು ನಂಬಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಉತ್ತರ ಕನ್ನಡದ ಕಡಲೂರೊಂದರ ನಿವೃತ್ತ ವಿಜ್ಞಾನ ಶಿಕ್ಷಕ